ಲಗ್ನಪತ್ರಿಕೆಯ ಆ ಎರಡಕ್ಷರ

ರೂಪಾ, ನಿನ್ನ ಓದು ನಿಲ್ಲಿಸಿದ್ದು ನಿಮ್ಮಪ್ಪನಲ್ಲ — ನಾನು. ಹೊಟ್ಟೆಕಿಚ್ಚಿನಿಂದ ನಿಲ್ಲಿಸಿದೆ. ಇಪ್ಪತ್ತು ವರ್ಷ ನೀನು ಅವರನ್ನು ಬೈದುಕೊಂಡಾಗಲೆಲ್ಲ ನಾನು ಪಕ್ಕದಲ್ಲಿ ಕೂತು ‘ಹೋಗ್ಲಿ ಬಿಡೇ’ ಎಂದು ಸಮಾಧಾನ ಹೇಳಿದ್ದೇನೆ. ಎಂಥ ಭಂಡತನ ನನ್ನದು!

ನೆನಪಿದೆಯಾ — ಶೆಟ್ಟಿಹಳ್ಳಿಯ ಮನೆಗೆ ನನ್ನ ಲಗ್ನಪತ್ರಿಕೆಯ ಮಾದರಿ ಬಂದ ದಿನ? ನನ್ನ ಹೆಸರಿನ ಪಕ್ಕ ‘ಬಿ.ಇ.’ ಎಂದು ಅಚ್ಚಾಗಿತ್ತು. ನಮ್ಮ ವಂಶದಲ್ಲೇ ಮೊದಲು. ಅಪ್ಪ ಬಾಗಲೂರಿನ ಜಮೀನು ಮಾರಿ ಕೊಡಿಸಿದ ಸೀಟು ಅದು; ಓದು ಮುಗಿದ ಮೇಲೆ ಎರಡು ವರ್ಷ ಕೆಲಸವಿಲ್ಲದೆ ಮನೆಯಲ್ಲೇ ಕೂತಿದ್ದೆ. ಆ ಎರಡಕ್ಷರ ಬಿಟ್ಟರೆ ಹೆಮ್ಮೆಪಡಲು ನನಗೆ ಬೇರೇನಿತ್ತು? ಎಲ್ಲರೂ ಅದನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಅಷ್ಟರಲ್ಲಿ ನೀನು ಕೊಟ್ಟಿಗೆಯಿಂದ ಓಡಿಬಂದೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ನಿನಗೆ ಸೀಟು ಸಿಕ್ಕಿ ನಾಲ್ಕು ದಿನವಾಗಿತ್ತು.

“ಅಕ್ಕಾ, ನನ್ ಕಾರ್ಡಲ್ಲಿ ಹೆಸರಿಗಿಂತ ಮುಂಚೇನೇ ಡಾಕ್ಟರ್ ಅಂತ ಹಾಕಿಸ್ಬೇಕು ಕಣೇ!”

ನೀನು ತಮಾಷೆಗೆ ಅಂದದ್ದು. ಮನೆಮಂದಿಯೆಲ್ಲ ಪತ್ರಿಕೆ ಬಿಟ್ಟು ನಿನ್ನ ಕಡೆ ತಿರುಗಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಸಗಣಿ ಕೈಯಲ್ಲಿ ನಿಂತ ಈ ಹುಡುಗಿ, ಒಂದು ಕಾಸು ಡೊನೇಷನ್ ಇಲ್ಲದೆ...

ಸಂಜೆ ಚಿಕ್ಕಪ್ಪ, ಅಂದರೆ ನಿಮ್ಮಪ್ಪ, ಬಂದು ಜಗಲಿಯ ಮೇಲೆ ನನ್ನ ಪಕ್ಕ ಕೂತರು. ನಿನ್ನ ಫೀಸಿಗೆ ಹಸುಗಳನ್ನು ಮಾರುವ ಮಾತು ನಡೆದಿತ್ತು.

“ನಮ್ಮನೇಲಿ ಕಾಲೇಜು ಓದಿರೋಳು ನೀನೊಬ್ಳೇ ಕಣವ್ವಾ. ಐದ್ ವರ್ಸ ಇಂಗೆ ದುಡ್ಡು ಸುರಿದ್ರೆ ಏನಾರ ಉಪ್ಯೋಗ ಐತಾ?”

“ಇಲ್ಲ ಚಿಕ್ಕಪ್ಪ. ನನ್ನೇ ನೋಡಿ.”

ನೋಡಿದರು. ನಾನು ಖಾಲಿ ಕೂತದ್ದನ್ನು ಅವರು ಕಣ್ಣಾರೆ ಕಂಡಿದ್ದರು, ನಂಬಿದರು. ನಿನ್ನ ಓದು ನನ್ನದರಂತಲ್ಲ, ಸುತ್ತ ಎಷ್ಟೋ ಊರುಗಳಿಗೆ ದನದ ಡಾಕ್ಟರೇ ಇಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು — ಹೇಳಲಿಲ್ಲ. ಹಸುಗಳು ಉಳಿದವು, ನಿನ್ನ ಸೀಟು ಹೋಯಿತು.

ಈಗ ಯಲಹಂಕದ ಪ್ರಾಣಿಗಳ ಆಸ್ಪತ್ರೆಯಲ್ಲಿ ನೀನು ನಾಯಿಗಳನ್ನು ಹಿಡಿದು ನಿಲ್ಲಿಸುತ್ತೀಯ, ನಿನಗಿಂತ ಚಿಕ್ಕ ವಯಸ್ಸಿನ ಡಾಕ್ಟರು ಇಂಜೆಕ್ಷನ್ ಕೊಡುತ್ತಾರೆ. ಮೊನ್ನೆ ನಮ್ಮ ನಾಯಿಯನ್ನು ಕರೆತಂದಾಗ ಆ ಡಾಕ್ಟರೇ ನಿನ್ನನ್ನು ಕೇಳಿದರು: “ರೂಪಕ್ಕಾ, ನಿಮಗೇನ್ ಅನ್ಸುತ್ತೆ?” ನನ್ನನ್ನು ಯಾವ ಆಫೀಸಿನಲ್ಲೂ ಯಾರೂ ಹಾಗೆ ಕೇಳಿಲ್ಲ. ಹೇಳಲು ನಾಚಿಕೆ — ಆಗಲೂ ಹೊಟ್ಟೆ ಉರಿಯಿತು.

ಹೊರಗೆ ಬಂದ ಮೇಲೆ ನೀನು ಮಗಳ ಮಾತೆತ್ತಿದೆ. ಪಿಯುಸಿ ಮುಗೀತು, ಡಿಗ್ರಿಗೆ ಅಷ್ಟೊಂದು ದುಡ್ಡು ಹಾಕಬೇಕಾ ಎಂದು ಕೇಳಿದೆ.

“ನೀನ್ ಹೇಳಿದ್ರೆ ಸಾಕು ಅಕ್ಕಾ.”

ಅಂದೂ ಅಷ್ಟೇ ಸಾಕಾಗಿತ್ತು, ರೂಪಾ. ಮೊನ್ನೆ ನಾಯಿಯನ್ನು ಎತ್ತಿಕೊಂಡು ಆಟೋ ಹತ್ತಿಬಿಟ್ಟೆ. ನಾಳೆ ಈ ಕಾಗದ ಹಿಡಿದು ನಿನ್ನ ಮನೆಗೆ ಬರುತ್ತೇನೆ. ಮೊದಲು ಇದನ್ನು ಓದು, ನಿಮ್ಮಪ್ಪನ ಮೇಲಿನ ಸಿಟ್ಟನ್ನು ನನ್ನ ಮೇಲೆ ಹಾಕು. ಆಮೇಲೂ ನನ್ನನ್ನೇ ಕೇಳಬೇಕು ಅನಿಸಿದರೆ ಕೇಳು — ಆದರೆ ನಿನ್ನ ಮಗಳೂ ಇದನ್ನು ಓದಿರಲಿ.