ಟ್ರೈಪಾಡಿಗೆ ತೂಗಿದ ಬಂಗುಡೆ

"ಎಂತ ಮಾಡ್ತಿದ್ದೀರಿ ನೀವು? ಮೊದಲು ಅದನ್ನು ತೆಗೆಯಿರಿ!" ಎಂದು ಕಿರುಚಿದೆ. ಸುರತ್ಕಲ್ ಕಡಲತಡಿಯ ಬಂಡೆಗಳ ಬಳಿ ನಿಲ್ಲಿಸಿದ್ದ ನನ್ನ ಕ್ಯಾಮೆರಾ ಟ್ರೈಪಾಡಿನ ನಡುವಿನ ಕೊಕ್ಕೆಗೆ ಅಪರಿಚಿತ ಹಿರಿಯರೊಬ್ಬರು ತಮ್ಮ ಬಂಗುಡೆ ಮೀನಿನ ಚೀಲವನ್ನು ತೂಗುಹಾಕಿದ್ದರು. ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು.

ಮೊದಲೇ ನನ್ನ ತಲೆ ಕೆಟ್ಟಿತ್ತು. ಅರ್ಧ ನಿಮಿಷ ಶಟರ್ ತೆರೆದಿಟ್ಟು, ಅಲೆಗಳು ಮಂಜಿನಂತೆ ಕಾಣುವ ಫೋಟೊ ತೆಗೆಯಲು ಆಗಿನಿಂದ ಒದ್ದಾಡುತ್ತಿದ್ದೆ. ಪ್ರವಾಸಕ್ಕೆ ಹೊರಲು ಹಗುರವೆಂದು ಕೊಂಡ ಟ್ರೈಪಾಡ್ ಗಾಳಿಗೆ ನಡುಗಿ, ತೆಗೆದದ್ದೆಲ್ಲ ಕಲಸಿಹೋಗಿತ್ತು. ಸೂರ್ಯ ಮುಳುಗಿಯಾಗಿತ್ತು; ಇನ್ನೊಂದೆರಡು ಚಿತ್ರಕ್ಕಾಗುವಷ್ಟೇ ಬೆಳಕು ಉಳಿದಿತ್ತು. ಅಂಥ ಹೊತ್ತಿನಲ್ಲಿ ಬಂಗುಡೆ!

ಅವರು ಚೀಲ ತೆಗೆಯಲಿಲ್ಲ. ಅದು ಓಲಾಡದಂತೆ ಬುಡವನ್ನು ಮರಳಿಗೆ ತಾಗಿಸಿ, "ಎರಡು ಕಿಲೋ ಭಾರ ಉಂಟು ಮಾರಾಯ್ರೆ, ಇನ್ನು ಅಲುಗುವುದಿಲ್ಲ. ನಿಮ್ಮ ಸ್ಟ್ಯಾಂಡ್ ಗಾಳಿಗೆ ಕುಣಿಯುವುದನ್ನು ಆಗಿಂದ ನೋಡ್ತಾ ಇದ್ದೇನೆ. ಈಗ ಫೋಟೊ ತೆಗೆದು ನೋಡಿ" ಎಂದರು.

ಜಗಳವಾಡುತ್ತ ನಿಂತರೆ ಬೆಳಕು ಹೋಗುತ್ತಿತ್ತು. ಹಲ್ಲು ಕಚ್ಚಿಕೊಂಡು ಬಟನ್ ಒತ್ತಿದೆ. ಬಂಡೆಯ ಒಂದೊಂದು ಬಿರುಕೂ ಸ್ಪಷ್ಟವಾಗಿ ಬಂದಿತ್ತು, ಸುತ್ತ ಅಲೆಗಳು ಮಂಜಾಗಿದ್ದವು. ನಾನು ಪರದೆಯಿಂದ ತಲೆ ಎತ್ತುವಷ್ಟರಲ್ಲಿ ಅವರು ಚೀಲ ಬಿಡಿಸಿಕೊಂಡು ರಸ್ತೆಯ ಕಡೆ ನಡೆದಾಗಿತ್ತು.

ಸಾಬೂನು ಹಾಕಿ ಎಷ್ಟು ತೊಳೆದರೂ ಆ ಕೊಕ್ಕೆಯ ಮೀನುವಾಸನೆ ಹೋಗಿಲ್ಲ. ನನ್ನ ಸಿಟ್ಟೂ ಹೋಗಿಲ್ಲ, ಆದರೆ ಅದು ಅವರ ಮೇಲಲ್ಲ. ಎರಡು ವರ್ಷ ಊರೂರು ಹೊತ್ತು ತಿರುಗಿಯೂ ಆ ಕೊಕ್ಕೆ ಯಾಕಿದೆಯೆಂದು ಒಮ್ಮೆಯೂ ಯೋಚಿಸದೆ, ಗಾಳಿಯನ್ನು ಬೈಯುತ್ತ ಕಲಸಿಹೋದ ಅಷ್ಟೂ ಚಿತ್ರಗಳನ್ನು ಅಳಿಸಿಹಾಕಿದವಳು ನಾನೇ.