ಎಡಗಡೆ ಗುಂಡಿಯ ಚುಕ್ಕೆ

ಬೆರಳಲ್ಲಿ ಉಜ್ಜುವ ಫೋನುಗಳು ನಮ್ಮ ಕಡೆ ಬರುವುದಕ್ಕೆ ಮುಂಚಿನ ಮಾತು. ಕೋಲಾರದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಮೊಬೈಲ್ ಅಂಗಡಿಯಿತ್ತು. ರಿಪೇರಿಗಿಂತ ಹೆಚ್ಚಾಗಿ ಜನ ಸಾಫ್ಟ್‌ವೇರ್ ಹಾಕಿಸಿಕೊಳ್ಳಲು ಬರುತ್ತಿದ್ದರು. ಒಬ್ಬರಿಗೆ ಪಂಚಾಂಗ ಬೇಕು, ಇನ್ನೊಬ್ಬರಿಗೆ ಆಟ. ಹಾಕುವುದೇನೂ ಬ್ರಹ್ಮವಿದ್ಯೆಯಲ್ಲ. ಆದರೆ ಫೋನು ನಡುನಡುವೆ ಇಂಗ್ಲಿಷಿನಲ್ಲಿ ಐದಾರು ಪ್ರಶ್ನೆ ಕೇಳುತ್ತಿತ್ತು. ಇದು ಎಲ್ಲಿಯದು, ನಂಬಬಹುದೇ, ಎಲ್ಲಿ ಇಡಲಿ ಎಂದು ಹೆಣ್ಣು ನೋಡಲು ಬಂದವರ ಹಾಗೆ ವಿಚಾರಿಸುತ್ತಿತ್ತು. ಜನ ಅಲ್ಲಿಗೇ ಹೆದರಿ ಫೋನ್ ಆರಿಸಿಬಿಡುತ್ತಿದ್ದರು. ಮತ್ತೆ ಬಸ್ಸು ಹತ್ತಿ ನನ್ನ ಹತ್ತಿರವೇ ಬರಬೇಕು.

ನನಗೆ ಮೊದಲೇ ತಾಳ್ಮೆ ಕಡಿಮೆ. ಹೇಳಿದ್ದನ್ನೇ ಹೇಳಿ ಸಾಕಾಗಿ ಒಂದು ಉಪಾಯ ಮಾಡಿದೆ. ಬೇಕಾದದ್ದನ್ನು ಮೆಮೊರಿ ಕಾರ್ಡಿಗೆ ತುಂಬಿ ಕೊಡುವುದು. ಪರದೆಯ ಕೆಳಗಿನ ಎರಡು ಗುಂಡಿಗಳಲ್ಲಿ ಎಡಗಡೆಯದರ ಮೇಲೆ ಹೆಂಡತಿಯ ಉಗುರುಬಣ್ಣದಿಂದ ಒಂದು ಚುಕ್ಕೆ ಇಡುವುದು. ಎಡಗಡೆ ಎಂದರೆ ಹೂಂ. ‘ಏನ್ ಕೇಳಿದ್ರೂ ಚುಕ್ಕೆ ಒತ್ತಿ. ಓದೋಕ್ ಹೋಗ್ಬೇಡಿ,’ ಎನ್ನುತ್ತಿದ್ದೆ. ನಂಗಲಿಯ ಲಾರಿ ಡ್ರೈವರೊಬ್ಬ, ‘ನಮ್ಮನೆಯವ್ಳಿಗೂ ಒಂದು ಚುಕ್ಕೆ ಇಡಣ್ಣ, ಎಲ್ಲಾದಕ್ಕೂ ಹೂಂ ಅನ್ಲಿ,’ ಎಂದು ನಗಿಸಿದ್ದ. ನಾನು ದೊಡ್ಡ ಬುದ್ಧಿವಂತನೆಂದು ಬೀಗುತ್ತಿದ್ದ ಕಾಲ ಅದು.

ಸುಗಟೂರಿನಲ್ಲಿ ರೇಷ್ಮೆಹುಳ ಸಾಕುತ್ತಿದ್ದ ಅಕ್ಕನ ಫೋನಿಗೂ ಚುಕ್ಕೆಯಿಟ್ಟವನು ನಾನೇ. ಅದು ಭಾವನ ಫೋನು. ಅವರು ತೀರಿಕೊಂಡು ಆರು ತಿಂಗಳಾಗಿತ್ತು. ಫೋನ್ ಕೊಂಡ ಹೊಸತರಲ್ಲಿ ಅವರು ರೆಕಾರ್ಡಿಂಗ್ ಹೇಗೆ ಬರುತ್ತದೆಂದು ನೋಡಲು ಎರಡು ಮಾತು ಆಡಿದ್ದರು: ‘ಏಳೇ, ಹುಳ ಜ್ವರದಿಂದ ಎದ್ದವೆ. ಸೊಪ್ಪು ಹಾಕ್ಬೇಕು.’ ಹುಳ ಮೇಯುವುದು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಭಾವನ ದನಿ ಅಂತ ಉಳಿದದ್ದು ಅದೊಂದೇ.

ಅದೇ ದನಿ ಬೆಳಗಿನ ಅಲಾರಂ ಆಗಬೇಕೆಂದು ಅಕ್ಕನ ಆಸೆ. ‘ಗಂಟೆ ಹೊಡೆದ್ರೆ ನಂಗೆ ಎಚ್ಚರ ಆಗಲ್ಲ ಕಣೋ. ಅವ್ರು ಕೂಗಿದ್ರೆ ಏಳ್ತೀನಿ,’ ಎಂದು ಫೋನಿನಲ್ಲಿ ಹೇಳಿದಳು. ಆ ಫೋನಿನಲ್ಲಿ ಅದಕ್ಕೆ ಬೇರೆ ಸಾಫ್ಟ್‌ವೇರ್ ಬೇಕಿತ್ತು. ಹೋಗಿ ಹಾಕಿಕೊಟ್ಟು ಬರಲು ಎಷ್ಟು ಹೊತ್ತು? ಮನೆ ಬಾಗಿಲವರೆಗೆ ಬಸ್ಸಿದೆ. ನಾನು ಹೋಗಲಿಲ್ಲ. ಅಂಗಡಿಯಲ್ಲಿ ಜನ, ಹೇಗೂ ಚುಕ್ಕೆ ಇದೆಯಲ್ಲ ಎಂದು ನೆಪ ಹೇಳಿ, ಬಸ್ ಕಂಡಕ್ಟರ್ ಕೈಲಿ ಕಾರ್ಡ್ ಕಳಿಸಿದೆ.

ಫೋನಿನಲ್ಲಿ ಜಾಗ ಸಾಲಲಿಲ್ಲ. ಹಳೆಯದನ್ನು ಅಳಿಸಲೇ ಎಂದು ಅದು ಕೇಳಿದೆ. ಅಕ್ಕ ಚುಕ್ಕೆ ಒತ್ತಿದ್ದಾಳೆ. ಪಟ್ಟಿಯಲ್ಲಿ ಮೊದಲು ಇದ್ದದ್ದೇ ಭಾವನ ದನಿ. ಇದನ್ನೇ ಅಳಿಸಲೇ? ಒತ್ತಿದ್ದಾಳೆ. ಖಂಡಿತವೇ? ಅದಕ್ಕೂ ಒತ್ತಿದ್ದಾಳೆ. ಆಮೇಲೆ ಸಾಫ್ಟ್‌ವೇರ್ ಸಲೀಸಾಗಿ ಕೂತಿದೆ.

ಮಾರನೆಯ ದಿನ ಮಧ್ಯಾಹ್ನ ಅಕ್ಕ ಅಂಗಡಿಗೆ ಬಂದಳು. ಬೆರಳಲ್ಲಿ ಸೊಪ್ಪಿನ ಕರೆ ಹಾಗೇ ಇತ್ತು. ‘ಅವ್ರು ಕೂಗ್ಲೇ ಇಲ್ಲ ಕಣೋ. ಏನಾಗಿದೆ ನೋಡು.’ ಕಂಪ್ಯೂಟರಿಗೆ ಸಿಕ್ಕಿಸಿ ಗೊತ್ತಿದ್ದ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ನನಗೆ ಕೆಲಸ ಕಲಿಸಿದ ಮಾಲೂರಿನವರಿಗೂ ಫೋನ್ ಮಾಡಿ ಕೇಳಿದೆ. ಏನೂ ಸಿಗಲಿಲ್ಲ. ವಿಷಯ ತಿಳಿಸಿದಾಗ ಅವಳು ಅಳಲಿಲ್ಲ. ಗಿರಾಕಿಗಳ ಎದುರೇ ನಾನು ಅತ್ತುಬಿಟ್ಟೆ.

‘ನೀನ್ ಹೇಳ್ದಂಗೆ ಎಲ್ಲಾದಕ್ಕೂ ಚುಕ್ಕೇನೇ ಒತ್ತಿದ್ನಲ್ಲೋ,’ ಎಂದಳು, ತಪ್ಪು ತನ್ನದೇ ಏನೋ ಎಂಬಂತೆ. ಫೋನ್ ಎತ್ತಿಕೊಂಡು ಬಲಗಡೆ ಗುಂಡಿಯ ಮೇಲೆ ಬೆರಳಿಟ್ಟಳು. ‘ಇದು ಯಾತಕ್ಕೋ?’

‘ಬೇಡ ಅನ್ನೋಕೆ, ಅಕ್ಕ.’

‘ಬೇಡ ಅನ್ನೋಕೂ ಒಂದು ಇತ್ತಾ?’ ಎಂದಳು. ಹುಳಕ್ಕೆ ಸೊಪ್ಪಿನ ಹೊತ್ತಾಯಿತೆಂದು ಎದ್ದು ಬಸ್ಸಿಗೆ ಹೋದಳು.