ಬಿಚ್ಚಿದ ಹೊಲಿಗೆಯ ತೂತು

ಕಾಜಾ ಅಕ್ಕನಿಗೆ ಆ ಹೆಸರು ಅಂಟಿಕೊಂಡಿದ್ದು ಬಟ್ಟೆ ಕಾರ್ಖಾನೆಯಲ್ಲಿ. ಹತ್ತೊಂಬತ್ತು ವರ್ಷ ಅಂಗಿಗಳಿಗೆ ಕಾಜಾ ಹೊಲಿದವಳು, ಅಂದರೆ ಗುಂಡಿ ತೂರುವ ಕಂಡಿ. ಕಾರ್ಖಾನೆ ಮುಚ್ಚಿದ ದಿನವೇ ಅವರು ಕೊಟ್ಟಿದ್ದ ಕೋಣೆಯ ಬಾಗಿಲೂ ಮುಚ್ಚಿತು. ತಮ್ಮನ ಹೆಂಡತಿ ಹದಿನೈದು ದಿನ ಸಹಿಸಿದಳು. ಹದಿನಾರನೆಯ ದಿನ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಯಿತು. ಕಿವಿ ಇದ್ದವರಿಗೆ ಅಷ್ಟು ಸಾಕು. ಆಮೇಲೆ ನಾಲ್ಕು ವರ್ಷ ರೈಲು ನಿಲ್ದಾಣದ ಬೆಂಚು.

ಅಲ್ಲಿಂದ ಅವಳನ್ನು ಎತ್ತಿದ್ದು ಹಳೇ ಗೋದಾಮಿನಲ್ಲಿದ್ದ ನಲವತ್ತು ಮಂಚಗಳ ತಂಗುದಾಣ. ಒಂದು ಮಂಚ, ಬೀಗವಿರುವ ಒಂದು ಪೆಟ್ಟಿಗೆ, ವಿಳಾಸವೆಂದು ಬರೆದುಕೊಡಲು ಒಂದು ಸಾಲು. ಅಷ್ಟು ಸಿಕ್ಕ ಮೂರೇ ತಿಂಗಳಿಗೆ ಆಸ್ಪತ್ರೆಯ ಬಟ್ಟೆ ಹೊಲಿಯುವ ಕೆಲಸ ಹಿಡಿದಳು, ಬಾಡಿಗೆ ಕೋಣೆಯನ್ನೂ ಹಿಡಿದಳು.

ಈಗ ನಗರಸಭೆ ಆ ತಂಗುದಾಣಕ್ಕೇ ಬೀಗ ಜಡಿಯಲು ಹೊರಟಿತ್ತು. ಬೀದಿಯಲ್ಲಿರುವವರೆಲ್ಲ ಕುಡಿದು ಕೆಟ್ಟವರು, ಕುಡಿತ ಬಿಡಿಸುವ ಕೇಂದ್ರಕ್ಕೆ ಅಟ್ಟಿದರಾಯಿತು ಎಂಬುದು ಅಧಿಕಾರಿಯ ವಾದ. ಸಭೆಗೆ ಮುಂಚೆ ಒಂದು ಅಧ್ಯಯನ ಇರಲೆಂದು ಕಾಲೇಜಿನ ಮೇಡಂಗೆ ಒಪ್ಪಿಸಿದರು. ಬೀದಿಯ ಜನರನ್ನು ಮಾತಾಡಿಸಲು ಬೀದಿ ಕಂಡವರೇ ಬೇಕೆಂದು ಮೇಡಂ ಕಾಜಾ ಅಕ್ಕನನ್ನು ಕರೆದರು.

ಫಾರಂ ನೋಡಿ ಇವಳ ಹುಬ್ಬು ಗಂಟಿಕ್ಕಿತು. ‘ಕುಡಿಯುತ್ತೀರಾ? ಹೌದು, ಇಲ್ಲ.’

“ಯಾವಾಗಿಂದ ಅಂತ ಕೇಳೋದೇ ಇಲ್ವಾ ಮೇಡಂ?”

“ಅದಕ್ಕೆ ಜಾಗ ಇಲ್ಲಮ್ಮ.”

“ಸರಿಹೋಯ್ತು! ಜಾಗ ಇಲ್ದೋರ ಫಾರಂನಲ್ಲೂ ಜಾಗ ಇಲ್ಲ.”

ಅಕ್ಷರ ಅವಳಿಗೆ ನಿಧಾನ, ಸೂಜಿ ಚುರುಕು. ಫಾರಂ ಅಂಚಿನಲ್ಲಿ ದಾರದ ಗುರುತು ಹಾಕತೊಡಗಿದಳು. ಕೆಲಸ ಹೋಗಿದ್ದಕ್ಕೆ ಕೆಂಪು, ಸೂರು ಹೋಗಿದ್ದಕ್ಕೆ ನೀಲಿ, ಕುಡಿತ ಹತ್ತಿದ್ದಕ್ಕೆ ಕಪ್ಪು. ಯಾವುದು ಮೊದಲೋ ಅದು ಮೇಲೆ. ಬೆಳಗ್ಗೆ ಆರಕ್ಕೆ ಬೀದಿ ನಲ್ಲಿಯ ಮುಂದೆ ಎಲ್ಲರೂ ಮುಖ ತೊಳೆಯಲು ಸೇರುತ್ತಾರೆ. ಏಳು ದಾಟಿದರೆ ಮೂಟೆ ಹೊರಲು, ಕಸ ಆಯಲು ಹೊರಟುಬಿಡುತ್ತಾರೆ. ಆ ಒಂದು ಗಂಟೆಯಲ್ಲೇ ಕೇಳಬೇಕು, ಹೊಲಿಯಬೇಕು. ದಿನಾ ಹೀಗೆ ಹೋಗಿ ನೂರಾ ಮೂವತ್ತು ಫಾರಂ ಮುಗಿಸಿದಳು.

ದಾರ ಕಂಡು ಮೇಡಂ ಮೊದಲು ಸಿಡುಕಿದರು, ಆಮೇಲೆ ಒಂದೊಂದೇ ತಿರುವಿದರು. ಬಹುಪಾಲು ಕಪ್ಪು ಕೊನೆಯಲ್ಲಿತ್ತು, ಅಂದರೆ ಕುಡಿತ ಹತ್ತಿದ್ದು ಸೂರು ಹೋದ ಮೇಲೆ. ತಾಳೆ ನೋಡಲು ತಾವೇ ನಲ್ಲಿಯ ಬಳಿ ಹೋಗಿ, ಎಲ್ಲರೂ ಲಿಫ್ಟ್ ತಾತ ಅನ್ನುತ್ತಿದ್ದ ಮುದುಕನನ್ನು ಕೇಳಿದರು. ತಾತನ ಫಾರಂನಲ್ಲೂ ಕಪ್ಪು ಕೊನೆಗೇ ಇತ್ತು. ಅವನು ಹೇಳಿದ್ದು ಮಾತ್ರ ಅದಕ್ಕೆ ಪೂರಾ ಉಲ್ಟಾ.

“ಒಂದು ಸುಳ್ಳಾದ್ರೆ ಎಲ್ಲಾ ಸುಳ್ಳು ಅಂತಾರಮ್ಮ,” ಅಂದರು ಮೇಡಂ. “ಸೋಮವಾರ ಸಭೆ.” ಅಂದು ಬುಧವಾರ.

ಕಾಜಾ ಅಕ್ಕ ಉರಿದುಕೊಂಡು ತಾತನ ಹತ್ತಿರ ಹೋದಳು. “ಅಲ್ಲ ತಾತ, ನನ್ನ ಮಾನ ಹರಾಜು ಹಾಕ್ಬಿಟ್ಯಲ್ಲ!”

“ನೀನೆಲ್ಲಿ ಕೇಳ್ದೆ? ‘ನಿನ್ನ ಕಥೆ ನಂಗೊತ್ತು’ ಅಂದೆ, ನೀನೇ ಹೊಲಿದೆ. ಇಪ್ಪತ್ತೆರಡು ವರ್ಷ ಲಿಫ್ಟ್ ಓಡಿಸ್ದೋನು ನಾನು, ನನ್ನಷ್ಟು ಏಳುಬೀಳು ಕಂಡೋರಿಲ್ಲ. ಆಗ್ಲೇ ಕುಡೀತಿದ್ದೆ ಕಣಮ್ಮ. ಅದಕ್ಕೇ ಕೆಲಸ ಹೋಗಿದ್ದು. ನನ್ನ ಬದುಕನ್ನ ಒಗೆದು ಇಸ್ತ್ರಿ ಮಾಡೋಕೆ ನೀನ್ಯಾರು?”

ನಾಲ್ಕು ವರ್ಷ ಪಕ್ಕದ ಬೆಂಚಿನಲ್ಲಿದ್ದವನು, ಇವನನ್ನೇನು ಕೇಳುವುದು ಅಂದುಕೊಂಡಿದ್ದಳು. ಹಾಗೆ ಅಂದುಕೊಂಡು ಇನ್ನೆಷ್ಟು ಜನರಿಗೆ ಹೊಲಿದಿದ್ದಳೋ, ಅವಳಿಗೇ ಲೆಕ್ಕ ಸಿಗಲಿಲ್ಲ. ಅಧಿಕಾರಿ ಕುಡುಕರು ಅನ್ನುತ್ತಾನೆ, ಇವಳು ಪಾಪದವರು ಅನ್ನುತ್ತಾಳೆ. ಇಬ್ಬರೂ ಕೇಳದೆಯೇ ಹೇಳಿದವರು.

ಗುರುವಾರದಿಂದ ನಲ್ಲಿ, ಮಾರುಕಟ್ಟೆ, ಮೇಲ್ಸೇತುವೆಯ ಕಂಬಗಳು ಅಂತ ಸುತ್ತಿ ಎಲ್ಲರನ್ನೂ ಮತ್ತೆ ಕೇಳಿದಳು. “ಏನಕ್ಕ, ನೆನ್ನೆ ಮೊನ್ನೆ ಹೇಳಿದ್ದು ಹಳಸೋಯ್ತಾ?” ಎಂದು ಮೂಟೆಯವರು ಛೇಡಿಸಿದರು. “ನನ್ನ ಬುದ್ಧಿ ಹಳಸಿತ್ತು. ಈಗ ಬಾಯ್ಬಿಡು,” ಅಂದಳು. ಏಳು ಹೊಲಿಗೆ ಬಿಚ್ಚಿ ಬೇರೆ ಹಾಕಿದಳು. ಒಂಬತ್ತು ಜನ ಸಿಗಲಿಲ್ಲ, ಅವರ ಫಾರಂ ಬೇರೆ ಇಟ್ಟಳು. ಉಳಿದ ನೂರಾ ಇಪ್ಪತ್ತೊಂದರಲ್ಲಿ ಕುಡಿಯುವವರು ಎಪ್ಪತ್ತನಾಲ್ಕು. ಸೂರು ಹೋದ ಮೇಲೆ ಕುಡಿತ ಹಿಡಿದವರು ಅವರಲ್ಲಿ ಐವತ್ತೆಂಟು.

ಸಭೆಯಲ್ಲಿ ಅಧಿಕಾರಿ ಕಟ್ಟಿನಿಂದ ಎಳೆದದ್ದು ತಾತನ ಫಾರಂ. “ಇದೇನು ತೂತು?”

“ನನ್ನ ತಪ್ಪು ಸಾರ್. ಮೊದಲು ಕೇಳದೆ ಹೊಲಿದಿದ್ದೆ. ಬಿಚ್ಚಿದೆ. ತೂತು ಕಾಣ್ಲಿ ಅಂತ ಹಾಗೇ ಬಿಟ್ಟಿದೀನಿ.”

“ಹಾಗಾದ್ರೆ ಈತ ಕುಡಿದೇ ಬೀದಿಗೆ ಬಂದ. ನಾನು ಹೇಳಿದ್ದೂ ಅದೇ.”

“ಹೌದು, ಇವನ ಮಟ್ಟಿಗೆ ನೀವು ಹೇಳಿದ್ದು ನಿಜ. ಕೇಂದ್ರಕ್ಕೆ ಕಳಿಸಿ, ಅವನೂ ಬರ್ತೀನಿ ಅಂದಿದಾನೆ. ಕುಡಿತ ಬಿಟ್ಟ ದಿನ ಎಲ್ಲಿಗೆ ಬಿಡ್ತೀರಿ ಸಾರ್, ಅದೇ ಬೆಂಚಿಗಾ? ಆ ಐವತ್ತೆಂಟು ಜನಕ್ಕೆ ಸೂರು ಇದ್ದಿದ್ರೆ ಕೇಂದ್ರವೇ ಬೇಕಿರ್ಲಿಲ್ಲ.”

ಅಧಿಕಾರಿ ಮೇಡಂ ಕಡೆ ನೋಡಿದ. ಮೇಡಂ ಫಾರಂ ಕಟ್ಟನ್ನು ಅವನ ಮುಂದಕ್ಕೆ ಸರಿಸಿದರು. ಸಂಜೆಯವರೆಗೂ ಜಗ್ಗಾಟ ನಡೆಯಿತು. ಬೀಗದ ಮಾತು ಒಂದು ವರ್ಷ ಮುಂದಕ್ಕೆ ಹೋಯಿತು. ಗೆದ್ದೆವು ಅಂತ ಕೈ ಕುಲುಕಲು ಬಂದ ಮೇಡಂಗೆ ಕಾಜಾ ಅಕ್ಕ, “ಒಂದು ವರ್ಷ ಅಂದ್ರೆ ಎಷ್ಟು ಮೇಡಂ, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಹೋಗುತ್ತೆ. ಮುಂದಿನ ಫಾರಂಗೆ ಅಂಚು ಅಗಲ ಬಿಡ್ಸಿ,” ಅಂದಳು.

ಮರುದಿನ ಆರು ಗಂಟೆಗೆ ನಲ್ಲಿಯ ಮುಂದೆ ನಿಂತಿದ್ದಳು. ಸೊಂಟದಲ್ಲಿ ಸೂಜಿದಾರದ ಡಬ್ಬಿ, ಕಂಕುಳಲ್ಲಿ ಆ ಒಂಬತ್ತು ಫಾರಂ.